ರಾತ್ರಿ ಒಯ್ದು ನಸುಕಿನಲ್ಲಿ ತರುವ ಪಾಳಿ: ಅಮೆರಿಕದ ಪೈಲಟ್‌ಗಳ ಸ್ಪ್ಲಿಟ್ ಡ್ಯೂಟಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪ್ರಾದೇಶಿಕ ವಿಮಾನ ಸಂಸ್ಥೆಗಳಲ್ಲಿ ಪೈಲಟ್‌ಗಳು ರಾತ್ರಿ ಒಂದು ಸಣ್ಣ ಊರಿಗೆ ವಿಮಾನ ಒಯ್ಯುತ್ತಾರೆ, ಹೋಟೆಲಿನಲ್ಲಿ ಒಂದಿಷ್ಟು ಹೊತ್ತು ಮಲಗುತ್ತಾರೆ, ನಸುಕಿನಲ್ಲಿ ಅದೇ ವಿಮಾನವನ್ನು ಹಿಂದಕ್ಕೆ ತರುತ್ತಾರೆ. ಈ ಪಾಳಿಯ ಬಗ್ಗೆ ನೆಂಟರು, ವಿಮಾನ ಹಾರಿಸಲು ಕಲಿಯುತ್ತಿರುವ ಹುಡುಗ ಹುಡುಗಿಯರು, ಬೆಳಗಿನ ವಿಮಾನ ತಡವಾಗಿ ಬೇಸತ್ತವರು ಕೇಳುತ್ತಲೇ ಇರುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಾನೂ ಈ ಪಾಳಿ ಮಾಡಿದವನೇ, ಹಾಗಾಗಿ ಅಲ್ಲಲ್ಲಿ ನನ್ನ ಅಭಿಪ್ರಾಯವೂ ನುಸುಳಿದೆ. ಬೇರೆ ಎಂದು ಹೇಳದ ಕಡೆಯಲ್ಲೆಲ್ಲ ನಿಯಮ ಎಂದರೆ ಅಮೆರಿಕದ ಪ್ರಯಾಣಿಕ ವಿಮಾನಗಳ ಪೈಲಟ್‌ಗಳ ಕೆಲಸಕ್ಕೂ ವಿಶ್ರಾಂತಿಗೂ ಮಿತಿ ಹಾಕುವ ಪಾರ್ಟ್ 117.

## ಮೊದಲಿಗೆ

ರಾತ್ರಿ ಹನ್ನೊಂದಕ್ಕೆ ಇಳಿದು ಬೆಳಗ್ಗೆ ಐದೂವರೆಗೆ ಮತ್ತೆ ಹೊರಡ್ತಾರಂತೆ, ಹೌದಾ? ಇದ್ಯಾವ ಥರದ ಡ್ಯೂಟಿ?

ಹೌದು. ಸಾಮಾನ್ಯವಾದ ಒಂದು ರಾತ್ರಿ ಹೀಗಿರುತ್ತದೆ: 9:15ಕ್ಕೆ ಬೇಸ್‌ನಲ್ಲಿ (ಪೈಲಟ್ ಪಾಳಿ ಶುರುಮಾಡಿ ಮುಗಿಸುವ ವಿಮಾನ ನಿಲ್ದಾಣ) ಹಾಜರಿ, 10ಕ್ಕೆ ಹೊರಟು 11:10ಕ್ಕೆ ಸಣ್ಣ ಊರಿನಲ್ಲಿ ಇಳಿಯುವುದು, ವ್ಯಾನ್ ಹಿಡಿದು 11:50ಕ್ಕೆ ಹೋಟೆಲು. ಬೆಳಗಿನ 4:40ಕ್ಕೆ ಮತ್ತೆ ವ್ಯಾನ್, 5:30ಕ್ಕೆ ವಿಮಾನ, 6:40ಕ್ಕೆ ಬೇಸ್. ದಾಖಲೆಯಲ್ಲಿ ಇದು ಎರಡು ದಿನದ ಕೆಲಸವಲ್ಲ, ಒಂದೇ ಡ್ಯೂಟಿ. ಹೋಟೆಲಿನಲ್ಲಿ ಕಳೆದ ಹೊತ್ತು ಅದರ ನಡುವೆ ಬಂದ ಬಿಡುವು, ಹೀಗೆ ನಡುವೆ ಸೀಳಿದ್ದರಿಂದ ಸ್ಪ್ಲಿಟ್ ಡ್ಯೂಟಿ. ಪೈಲಟ್‌ಗಳ ಬಾಯಲ್ಲಿ ಇದು ಸ್ಟ್ಯಾಂಡ್-ಅಪ್, ಸಿಡಿಒ (ಕಂಟಿನ್ಯುಯಸ್ ಡ್ಯೂಟಿ ಓವರ್‌ನೈಟ್), ಹೈ-ಸ್ಪೀಡ್. ಸಂಸ್ಥೆಗೊಂದು ಹೆಸರು, ಕೆಲಸ ಒಂದೇ.

ಹೀಗ್ಯಾಕೆ ಮಾಡಬೇಕು? ಬೆಳಗ್ಗೆಗೆ ಬೇರೆ ಪೈಲಟ್‌ನ ಇಡಬಾರದಾ?

ಇಡಬಹುದು, ಖರ್ಚಾಗುತ್ತದೆ. ಅಮೆರಿಕದ ದೊಡ್ಡ ಸಂಸ್ಥೆಗಳು ಹಬ್ ಪದ್ಧತಿಯಲ್ಲಿ ನಡೆಯುತ್ತವೆ, ಅಂದರೆ ಒಂದು ದೊಡ್ಡ ನಿಲ್ದಾಣಕ್ಕೆ ಎಲ್ಲರನ್ನೂ ತಂದು ಅಲ್ಲಿಂದ ಬೇರೆ ವಿಮಾನ ಹತ್ತಿಸುತ್ತವೆ. ಸಂಜೆ ಹಬ್‌ಗೆ ಬಂದಿಳಿದವರನ್ನು ಸಣ್ಣ ಊರುಗಳಿಗೆ ಮುಟ್ಟಿಸುವ ವಿಮಾನ ರಾತ್ರಿ ತಡವಾಗಿ ಹೊರಡಬೇಕು. ಆ ಊರಿನವರನ್ನು ಬೆಳಗಿನ ದೂರದ ವಿಮಾನಗಳಿಗೆ ಹತ್ತಿಸಲು ಮೊದಲ ವಿಮಾನ ನಸುಕಿಗೇ ಏಳಬೇಕು. ಹಾಗಾಗಿ ವಿಮಾನ ರಾತ್ರಿಯೆಲ್ಲ ಆ ಊರಲ್ಲೇ ನಿಂತಿರುತ್ತದೆ, ನಡುವಿನ ಅಂತರ ಐದಾರು ಗಂಟೆ. ಮಾಮೂಲಿ ಲೆಕ್ಕದಲ್ಲಿ ಎರಡು ಡ್ಯೂಟಿಗಳ ನಡುವೆ ಪೈಲಟ್‌ಗೆ 10 ಗಂಟೆ ವಿಶ್ರಾಂತಿ ಕೊಡಲೇಬೇಕು. ಅಂದರೆ ರಾತ್ರಿ ಬಂದ ಜೋಡಿ ಮಲಗಿ ಮಧ್ಯಾಹ್ನದ ವಿಮಾನ ಹಿಡಿಯಬೇಕು, ಬೆಳಗಿನದಕ್ಕೆ ಹಿಂದಿನ ಮಧ್ಯಾಹ್ನವೇ ಬಂದಿಳಿದ ಇನ್ನೊಂದು ಜೋಡಿ ಬೇಕು. ದಿನಕ್ಕೆ ಎರಡೋ ಮೂರೋ ವಿಮಾನ ಹೋಗುವ ಊರಿನಲ್ಲಿ ಹೀಗೆ ಮಾಡಿದರೆ ಒಂದು ಜೋಡಿ ಯಾವಾಗಲೂ ಹೋಟೆಲಿನಲ್ಲಿ ಕೂತಿರುತ್ತದೆ. ಎರಡು ಜೋಡಿ ಮಾಡುವ ಕೆಲಸವನ್ನು ಒಂದೇ ಜೋಡಿಯಿಂದ ಮುಗಿಸಲು ಸ್ಪ್ಲಿಟ್ ಡ್ಯೂಟಿ ಬಂದದ್ದು. ಪ್ರಯಾಣಿಕರಿಗೂ ಇದರಿಂದ ಲಾಭವಿದೆ ಅನ್ನುವುದನ್ನು ಮರೆಯಬಾರದು. ಈ ಪಾಳಿ ಇಲ್ಲದಿದ್ದರೆ ಎಷ್ಟೋ ಊರುಗಳಿಗೆ ರಾತ್ರಿಯ ಕೊನೆಯ ವಿಮಾನವೋ ಬೆಳಗಿನ ಮೊದಲನೆಯದೋ ಇರುತ್ತಲೇ ಇರಲಿಲ್ಲ.

ಇದೆಲ್ಲ ಹೊಸಬರ ತಲೆಗೇ ಕಟ್ಟೋದಾ?

ಬಹುಮಟ್ಟಿಗೆ. ಅಮೆರಿಕದಲ್ಲಿ ಪೈಲಟ್‌ಗಳ ತಿಂಗಳ ಪಾಳಿ ಹಂಚಿಕೆಯಾಗುವುದು ಸೀನಿಯಾರಿಟಿ ಮೇಲೆ. ಪ್ರತಿ ತಿಂಗಳೂ ಎಲ್ಲರೂ ತಮಗೆ ಬೇಕಾದ್ದನ್ನು ಕೇಳಿ ಬಿಡ್ ಹಾಕುತ್ತಾರೆ, ಕಂಪ್ಯೂಟರು ಪಟ್ಟಿಯ ಮೇಲಿನಿಂದ ಒಬ್ಬೊಬ್ಬರಿಗೇ ಕೊಡುತ್ತಾ ಬರುತ್ತದೆ. ಮೇಲಿನವರು ಬೇಡವೆಂದು ಬಿಟ್ಟದ್ದು ಕೆಳಗಿನವರಿಗೆ. ಆದರೆ ಕೆಲವು ಬೇಸ್‌ಗಳಲ್ಲಿ ಸಿಡಿಒ ಪಾಳಿಗಳನ್ನು ಹಿರಿಯರೇ ಮೊದಲು ಎತ್ತಿಕೊಳ್ಳುತ್ತಾರೆ. ಯಾಕೆಂದು ಮುಂದೆ ಹೇಳಿದ್ದೇನೆ. ಬೇಕೆಂದು ತೆಗೆದುಕೊಂಡವನ ರಾತ್ರಿಗೂ ತಲೆಗೆ ಬಿದ್ದವನ ರಾತ್ರಿಗೂ ಬಹಳ ವ್ಯತ್ಯಾಸವಿದೆ. ಮೊದಲನೆಯವನು ತನ್ನ ಮನೆಯನ್ನೂ ಹಗಲನ್ನೂ ಅದಕ್ಕೆ ಹೊಂದಿಸಿಕೊಂಡಿರುತ್ತಾನೆ.

## ನಿಯಮ ಏನು ಹೇಳುತ್ತದೆ

ಹೋಟೆಲಲ್ಲಿ ಮಲಗಿದ ಹೊತ್ತು ಕೆಲಸದ ಲೆಕ್ಕವಾ, ವಿಶ್ರಾಂತಿ ಲೆಕ್ಕವಾ?

ಎರಡರ ನಡುವೆ ತ್ರಿಶಂಕುವಿನ ಹಾಗೆ. ಕೆಲವು ಷರತ್ತುಗಳು ಕೂಡಿಬಂದರೆ ಆ ಹೊತ್ತನ್ನು ಡ್ಯೂಟಿಯ ಅವಧಿಯಿಂದ ಕಳೆಯಬಹುದು. ಆದರೆ ಅದು ಎರಡು ಡ್ಯೂಟಿಗಳ ನಡುವಿನ ಕಡ್ಡಾಯ ವಿಶ್ರಾಂತಿಯೂ ಅಲ್ಲ.

ಷರತ್ತುಗಳು ಇಷ್ಟು. ಮಲಗುವ ಅವಕಾಶ ಸ್ಥಳೀಯ ಸಮಯ ರಾತ್ರಿ 10ರಿಂದ ಬೆಳಗಿನ 5ರೊಳಗೆ ಸಿಗಬೇಕು. ಕನಿಷ್ಠ 3 ಗಂಟೆ ಇರಬೇಕು. ಆ 3 ಗಂಟೆ ಎಣಿಸುವುದು ಕೋಣೆ ಮುಟ್ಟಿದ ಮೇಲೆ, ವಿಮಾನದ ಬಾಗಿಲು ತೆರೆದಾಗಿನಿಂದಲ್ಲ. ಡ್ಯೂಟಿ ಶುರುವಾಗುವ ಮುಂಚೆಯೇ ಈ ಬಿಡುವು ವೇಳಾಪಟ್ಟಿಯಲ್ಲಿ ಬರೆದಿರಬೇಕು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ಇದನ್ನು ಸ್ಪ್ಲಿಟ್ ಅಂತ ಮಾಡಿದ್ದೇವೆ’ ಅನ್ನುವಂತಿಲ್ಲ. ಬರೆದಿದ್ದಕ್ಕಿಂತ ನಿಜವಾಗಿ ಸಿಕ್ಕಿದ್ದು ಕಡಿಮೆಯಾಗಬಾರದು. ಮೊದಲ ಹಾರಾಟ ಮುಗಿದ ಮೇಲೆಯೇ ಬಿಡುವು ಬರಬೇಕು. ಕೊನೆಯದಾಗಿ, ಕೆಲಸ ಮತ್ತು ಬಿಡುವು ಎರಡೂ ಸೇರಿ 14 ಗಂಟೆ ದಾಟಬಾರದು.

ಮಲಗೋದು ಹೋಟೆಲಲ್ಲೇ ಆಗಬೇಕಾ?

ಬೇಕಿಲ್ಲ. ಬಿಸಿ-ತಂಪು ಹಿಡಿತದಲ್ಲಿರಬೇಕು, ಸದ್ದು ತಗ್ಗಿಸಿರಬೇಕು, ಬೆಳಕು ಬೇಕಾದಂತೆ ಮಾಡಿಕೊಳ್ಳುವ ಹಾಗಿರಬೇಕು, ಹಾಸಿಗೆಯೋ ಬಂಕೋ ಹೆಚ್ಚುಕಡಿಮೆ ಪೂರ್ತಿ ಮಲಗುವ ಕುರ್ಚಿಯೋ ಇರಬೇಕು. ಅಷ್ಟಿದ್ದರೆ ಕಾನೂನಿನ ಕಣ್ಣಿಗೆ ಸಾಕು. ಪ್ರಾದೇಶಿಕ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಹೋಟೆಲೇ ಕೊಡುತ್ತಾರೆ. ಕುರ್ಚಿಯ ಮಾತು ನಿಯಮದಲ್ಲಿ ಇದೆ ಅನ್ನುವುದು ನನಗೆ ಇಂದಿಗೂ ಹಿಡಿಸದು.

ಆಕಾಶ ಶುಭ್ರವಾಗಿದೆ, ವಿಮಾನ ರಾತ್ರಿಯಿಂದ ಗೇಟಲ್ಲೇ ನಿಂತಿದೆ, ಆದ್ರೂ ಮೊದಲ ಫ್ಲೈಟ್ ಒಂದು ಗಂಟೆ ಲೇಟು. ಕೇಳಿದ್ರೆ ಪೈಲಟ್ ಮಲಗಿದ್ದಾರೆ ಅಂದ್ರು! ಇದೇನ್ರೀ?

ಹಿಂದಿನ ರಾತ್ರಿ ಬಂದ ವಿಮಾನ ತಡವಾಗಿರುತ್ತದೆ. ವೇಳಾಪಟ್ಟಿಯಲ್ಲಿ 4 ಗಂಟೆ 50 ನಿಮಿಷ ಬಿಡುವು ಅಂತಿದ್ದರೆ, ಸ್ಪ್ಲಿಟ್ ಡ್ಯೂಟಿಯ ಲೆಕ್ಕ ನಿಲ್ಲಲು ಅಷ್ಟೂ ಸಿಗಲೇಬೇಕು. ರಾತ್ರಿ ಒಂದು ಗಂಟೆ ತಡವಾದರೆ ಬೆಳಗ್ಗೆಯೂ ಒಂದು ಗಂಟೆ ಮುಂದಕ್ಕೆ. ಸಂಸ್ಥೆಗೆ ಇನ್ನೊಂದು ದಾರಿಯೂ ಇದೆ: ಸ್ಪ್ಲಿಟ್ ಲೆಕ್ಕ ಬಿಟ್ಟು, ಹೋಟೆಲಿನ ಹೊತ್ತನ್ನೂ ಕೆಲಸವೆಂದೇ ಎಣಿಸಿ, ಅದು ಮಾಮೂಲಿ ಮಿತಿಯೊಳಗೆ ಬರುತ್ತದೆಯೇ ನೋಡುವುದು. ಬಂದರೆ ವಿಮಾನ ವೇಳೆಗೆ ಹೊರಡುತ್ತದೆ, ಕಡಿಮೆ ಮಲಗಿದ ಪೈಲಟ್‌ಗಳೊಂದಿಗೆ. ತಡವಾಗಿ ಹೊರಟ ವಿಮಾನದ ಮೇಲೆ ಸಿಟ್ಟಾಗುವ ಮುಂಚೆ ಇದನ್ನು ನೆನಪಿಡಿ ಎಂದಷ್ಟೇ ಹೇಳುತ್ತೇನೆ.

ಸತತ ಎಷ್ಟು ರಾತ್ರಿ ಹೀಗೆ ಮಾಡಿಸಬಹುದು?

ಐದು. ಬೆಳಗಿನ 2ರಿಂದ 5:59ರವರೆಗಿನ ಹೊತ್ತನ್ನು ನಿಯಮ ದೇಹ ತೀರಾ ಕುಗ್ಗಿರುವ ಅವಧಿ ಎಂದು ಗುರುತಿಸಿದೆ. ಈ ಅವಧಿಗೆ ತಾಗುವ ಡ್ಯೂಟಿಗಳನ್ನು ಸಾಮಾನ್ಯವಾಗಿ ಸತತ ಮೂರಕ್ಕಿಂತ ಹೆಚ್ಚು ಹಾಕುವಂತಿಲ್ಲ. ಪ್ರತಿ ರಾತ್ರಿಯೂ ಸರಿಯಾದ ಕೋಣೆಯಲ್ಲಿ ಕನಿಷ್ಠ 2 ಗಂಟೆ ಮಲಗಲು ಬಿಟ್ಟರೆ ಮೂರನ್ನು ಐದಕ್ಕೆ ಏರಿಸಬಹುದು. ಡ್ಯೂಟಿಯಿಂದ ಹೊತ್ತು ಕಳೆಯಲು 3 ಗಂಟೆ ಬೇಕು, ರಾತ್ರಿಗಳನ್ನು ಪೋಣಿಸಲು 2 ಸಾಕು. ಈ ಎರಡು ಸಂಖ್ಯೆಗಳನ್ನು ಕಲಸಿಕೊಳ್ಳುವವರು ಬಹಳ.

ನನ್ನನ್ನು ಕೇಳಿದರೆ ಒಂದು ರಾತ್ರಿ ಸುಲಭ, ಎರಡು ಪರವಾಗಿಲ್ಲ. ನಾಲ್ಕನೆಯ ಬೆಳಗ್ಗೆ ಚೆಕ್‌ಲಿಸ್ಟ್ ಓದುವಾಗ ಒಂದೇ ಸಾಲನ್ನು ಎರಡು ಸಲ ಓದುವುದು ಶುರುವಾಗುತ್ತದೆ. ನಿಯಮದ ಐದನ್ನು ಗುರಿ ಎಂದುಕೊಂಡು ವೇಳಾಪಟ್ಟಿ ಹೆಣೆಯುವುದು ನನ್ನ ಮಟ್ಟಿಗೆ ತಪ್ಪು.

ಈ ನಿಯಮ ಮೊದಲಿಂದಲೂ ಇತ್ತಾ?

ಇಲ್ಲ. ಪಾರ್ಟ್ 117 ಜಾರಿಗೆ ಬಂದದ್ದು 2014ರ ಜನವರಿ 4ರಂದು. ಅದಕ್ಕೆ ಮುಂಚೆ ಡ್ಯೂಟಿ 16 ಗಂಟೆವರೆಗೂ ಹೋಗಬಹುದಿತ್ತು, ವಿಶ್ರಾಂತಿ 8 ಗಂಟೆಗೆ ಇಳಿಯಬಹುದಿತ್ತು, ಕೆಲಸ ಹಗಲಲ್ಲೋ ರಾತ್ರಿಯಲ್ಲೋ ಅನ್ನುವುದಕ್ಕೆ ಬೆಲೆಯೇ ಇರಲಿಲ್ಲ.

ಬದಲಾವಣೆಗೆ ಕಾರಣ 2009ರ ಫೆಬ್ರವರಿ 12ರ ರಾತ್ರಿ ಬಫಲೋ ಹತ್ತಿರ ಮನೆಯೊಂದರ ಮೇಲೆ ಬಿದ್ದ ಕೋಲ್ಗನ್ ಏರ್ 3407. ವಿಮಾನದಲ್ಲಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು ಸತ್ತರು. ಅದು ಸ್ಪ್ಲಿಟ್ ಡ್ಯೂಟಿಯ ವಿಮಾನವಾಗಿರಲಿಲ್ಲ. ವೇಗ ಕುಸಿದು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಿರುಗಾಮುರುಗಾ ಪ್ರತಿಕ್ರಿಯಿಸಿದ್ದೇ ಅಪಘಾತದ ಕಾರಣವೆಂದು ತನಿಖಾ ಮಂಡಳಿ ಎನ್‌ಟಿಎಸ್‌ಬಿ ಹೇಳಿತು. ಜೊತೆಗೇ ಇನ್ನೊಂದು ವಿಷಯ ಬಯಲಾಯಿತು: ಫಸ್ಟ್ ಆಫೀಸರ್ (ಎರಡನೆಯ ಪೈಲಟ್) ಹಿಂದಿನ ರಾತ್ರಿಯೆಲ್ಲ ಸಿಯಾಟಲ್‌ನಿಂದ ಮೆಂಫಿಸ್ ಮೂಲಕ ನ್ಯೂವರ್ಕ್‌ಗೆ ಪಯಣಿಸಿ ಕೆಲಸಕ್ಕೆ ಬಂದಿದ್ದರು, ಕ್ಯಾಪ್ಟನ್ ರಾತ್ರಿಯನ್ನು ಕ್ರೂ ಕೋಣೆಯಲ್ಲೇ ಕಳೆದಿದ್ದರು. ದಣಿವು, ಸಂಬಳ, ದೂರದ ಮನೆ ಮೂರೂ ಒಂದೇ ಗಂಟಿನಲ್ಲಿವೆ ಎಂದು ಹೊರಗಿನವರಿಗೆ ಗೊತ್ತಾದದ್ದು ಆಗ. ಸತ್ತವರ ಮನೆಯವರು ವಾಷಿಂಗ್ಟನ್‌ನಲ್ಲಿ ಬಿಡದೆ ಓಡಾಡಿದರು. 2010ರಲ್ಲಿ ಸಂಸತ್ತು ಕಾನೂನು ಮಾಡಿ ಹೊಸ ನಿಯಮ ತರಲೇಬೇಕೆಂದು ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆ ಎಫ್‌ಎಎಗೆ ಕಟ್ಟಪ್ಪಣೆ ಮಾಡಿತು.

## ದುಡ್ಡಿನ ಲೆಕ್ಕ

ಹತ್ತು ಗಂಟೆ ಡ್ಯೂಟಿಗೆ ಎರಡೇ ಗಂಟೆ ಸಂಬಳ ಅಂತಾರೆ, ನಿಜಾನಾ?

ಸಂಸ್ಥೆಯೊಂದಿಗೆ ಯೂನಿಯನ್ ಮಾಡಿಕೊಂಡ ಒಪ್ಪಂದ ದುರ್ಬಲವಾಗಿದ್ದರೆ ನಿಜಕ್ಕೆ ಹತ್ತಿರ. ಅಮೆರಿಕದ ಪೈಲಟ್‌ಗಳಿಗೆ ಸಂಬಳ ಕೊಡುವುದು ಬ್ಲಾಕ್ ಗಂಟೆಗೆ, ಅಂದರೆ ವಿಮಾನ ಗೇಟು ಬಿಟ್ಟಾಗಿನಿಂದ ಇನ್ನೊಂದು ಗೇಟು ಸೇರುವವರೆಗೆ. ಹಾಜರಿ, ತಪಾಸಣೆ, ವ್ಯಾನಿಗಾಗಿ ಕಾಯುವುದು, ಹೋಟೆಲು, ಇದ್ಯಾವುದೂ ಬ್ಲಾಕ್‌ನಲ್ಲಿ ಸೇರುವುದಿಲ್ಲ.

ಮೊದಲ ಪ್ರಶ್ನೆಯ ರಾತ್ರಿಯನ್ನೇ ತೆಗೆದುಕೊಳ್ಳಿ. ಹೋಗಲು 1:10, ಬರಲು 1:10, ಒಟ್ಟು ಬ್ಲಾಕ್ 2 ಗಂಟೆ 20 ನಿಮಿಷ. ಡ್ಯೂಟಿ 9:15ರಿಂದ ಬೆಳಗಿನ 6:55ರವರೆಗೆ, ಅಂದರೆ 9 ಗಂಟೆ 40 ನಿಮಿಷ. ಲೆಕ್ಕದ ಸಲುವಾಗಿ ಗಂಟೆಗೆ 100 ಡಾಲರ್ ಅನ್ನಿ. ಬರೀ ಬ್ಲಾಕ್ ಎಣಿಸಿದರೆ ಆ ರಾತ್ರಿಗೆ ಸುಮಾರು 233 ಡಾಲರ್. ಒಪ್ಪಂದದಲ್ಲಿ ‘ಎರಡು ಗಂಟೆ ಡ್ಯೂಟಿಗೆ ಒಂದು ಗಂಟೆ ಸಂಬಳ’ ಎಂಬ ಡ್ಯೂಟಿ ರಿಗ್ ಇದ್ದರೆ 4:50ರ ಲೆಕ್ಕಕ್ಕೆ ಸುಮಾರು 483. ಕೆಲಸ ಅದೇ, ನಿದ್ದೆ ಅಷ್ಟೇ, ಒಪ್ಪಂದದ ಒಂದು ಸಾಲಿನಿಂದ ಸಂಬಳ ಎರಡರಷ್ಟಾಯಿತು.

ಕೆಲವು ಒಪ್ಪಂದಗಳಲ್ಲಿ ರಿಗ್ ಬದಲು ಸಿಡಿಒ ರಾತ್ರಿಗೆ ಇಷ್ಟು ಗಂಟೆ ಎಂದು ಕನಿಷ್ಠ ಕಟ್ಟಿರುತ್ತಾರೆ. ಇದರ ಮೇಲೆ ತಿಂಗಳ ಖಾತ್ರಿ ಗಂಟೆಗಳಿರುತ್ತವೆ, ಸುಮಾರು 75ರ ಆಸುಪಾಸು. ಬೇಸ್ ಬಿಟ್ಟು ಇರುವ ಪ್ರತಿ ಗಂಟೆಗೂ ಕೆಲವೇ ಡಾಲರ್‌ಗಳ ಊಟದ ಭತ್ಯೆಯೂ ಇದೆ. 2022ರಲ್ಲಿ ಪೈಲಟ್ ಕೊರತೆ ಬಿಗಿಯಾದ ಮೇಲೆ ಪ್ರಾದೇಶಿಕ ಸಂಸ್ಥೆಗಳ ಗಂಟೆಯ ದರ ಚೆನ್ನಾಗಿಯೇ ಏರಿತು. ದರ ಏರಿತೆಂದು ಹಿಗ್ಗುವ ಮುಂಚೆ ರಿಗ್‌ನ ಸಾಲು ಓದಿ. ಇಂಟರ್‌ವ್ಯೂಗೆ ಹೋಗುವ ಎಲ್ಲರಿಗೂ ನಾನು ಹೇಳುವುದು ಇದನ್ನೇ.

ರಾತ್ರಿ ಕೆಲಸಕ್ಕೆ ಓವರ್‌ಟೈಮ್ ಇರಲ್ವಾ?

ಕಾನೂನಿನಿಂದ ಬರುವುದಿಲ್ಲ. ರೈಲ್ವೆ ಲೇಬರ್ ಆ್ಯಕ್ಟ್ 1936ರಿಂದ ವಿಮಾನ ಸಂಸ್ಥೆಗಳಿಗೂ ಅನ್ವಯಿಸುತ್ತದೆ, ಅದರ ವ್ಯಾಪ್ತಿಯ ವಿಮಾನ ನೌಕರರು ಅಮೆರಿಕದ ಕೇಂದ್ರ ಸರ್ಕಾರದ ಓವರ್‌ಟೈಮ್ ನಿಯಮದಿಂದ ಹೊರಗೆ. ಕಾರ್ಖಾನೆಯ ರಾತ್ರಿ ಪಾಳಿಯವನಿಗೆ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಸಿಗುತ್ತದೆ, ಪೈಲಟ್‌ಗೆ ಯೂನಿಯನ್ ಮಾತಾಡಿ ಪಡೆದದ್ದಷ್ಟೇ. ಹಳೆಯ ಒಪ್ಪಂದಕ್ಕೆ ಮುಗಿಯುವ ದಿನವೂ ಇಲ್ಲ. ತಿದ್ದುಪಡಿಯ ದಿನ ಬಂದ ಮೇಲೂ ಹೊಸದು ಆಗುವವರೆಗೆ ಹಳೆಯದೇ ನಡೆಯುತ್ತಿರುತ್ತದೆ, ಮಾತುಕತೆ ವರ್ಷಗಟ್ಟಲೆ ಎಳೆಯಬಹುದು.

ಇಷ್ಟು ಕಷ್ಟ ಅಂದ್ಮೇಲೆ ಕೆಲವರು ಕೇಳಿ ಕೇಳಿ ತಗೊಳ್ಳೋದ್ಯಾಕೆ?

ಹಗಲು ಮನೆಯಲ್ಲಿರಬಹುದು, ಅದಕ್ಕೆ. ಬೇಸ್ ಇರುವ ಊರಲ್ಲೇ ಮನೆ ಇದ್ದವರಿಗೆ ಬೆಳಗ್ಗೆ ಎಂಟಕ್ಕೆ ಮಕ್ಕಳನ್ನು ಶಾಲೆಗೆ ಬಿಡಲು ಸಾಧ್ಯ, ಸಂಜೆ ಎಲ್ಲರ ಜೊತೆ ಊಟಕ್ಕೆ ಕೂರಲೂ ಸಾಧ್ಯ. ನಾಲ್ಕು ದಿನ ಹೊರಗೇ ಇರುವ ಮಾಮೂಲಿ ಟ್ರಿಪ್‌ನಲ್ಲಿ ಇದು ಆಗದ ಮಾತು. ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳುವ ಖರ್ಚು ಉಳಿಯುತ್ತದೆ. ಹಾರಾಟ ಕಡಿಮೆ, ಬೇರೆ ಬೇರೆ ಊರುಗಳ ಓಡಾಟವಿಲ್ಲ, ಹೆಚ್ಚಿನ ರಾತ್ರಿ ಅದೇ ಹೋಟೆಲು, ಅದೇ ವ್ಯಾನು.

ಬೇಸ್‌ಗೆ ಬೇರೆ ಊರಿನಿಂದ ವಿಮಾನದಲ್ಲಿ ಬರುವವರ ಕಥೆ ತಲೆಕೆಳಗು. ಬೆಳಗ್ಗೆ ಏಳಕ್ಕೆ ಡ್ಯೂಟಿ ಮುಗಿದರೆ ಸಂಜೆವರೆಗೆ ಮಲಗಲು ಅವರಿಗೆ ಜಾಗವಿಲ್ಲ, ಸಂಸ್ಥೆ ಕೊಡುವುದಿಲ್ಲ. ನಾಲ್ಕೈದು ಮಂದಿ ಸೇರಿ ಬಾಡಿಗೆ ಹಿಡಿದ ಕೋಣೆಯಲ್ಲಿ ಬಂಕ್ ಸಿಕ್ಕರೆ ಅದೇ ಪುಣ್ಯ. ಅಲ್ಲಿ ಒಬ್ಬನ ಅಲಾರಂ ಎಲ್ಲರ ಅಲಾರಂ.

ಈ ಪಾಳಿಯನ್ನು ಮೆಚ್ಚುವವರಲ್ಲಿ ಹಲವರು ಹಗಲಿನ ನಿದ್ದೆಯನ್ನು ಕದ್ದೇ ಹಗಲನ್ನು ಗಳಿಸುತ್ತಾರೆ. ಅವರಿಗೂ ಇದು ಗೊತ್ತು.

## ನಿದ್ದೆ, ದಣಿವು

ಹೋಟೆಲಲ್ಲಿ ಐದು ಗಂಟೆ ಅಂದ್ರೆ ಐದು ಗಂಟೆ ನಿದ್ದೆ ತಾನೇ? ನಮಗೇ ಅಷ್ಟು ಸಿಗಲ್ಲ!

ಲೆಕ್ಕ ಹಾಕೋಣ. 11:50ಕ್ಕೆ ಕೌಂಟರಿನಲ್ಲಿ ಕೀ ಕೈಗೆ ಬರುತ್ತದೆ. ಕೋಣೆಯ ಎಸಿ ಜೋರಾಗಿ ಗುಡುಗುತ್ತಿದ್ದರೆ ಅದನ್ನು ತಗ್ಗಿಸುವುದು, ಪರದೆಯ ನಡುವೆ ಬಿಟ್ಟ ಸೀಳಿನಿಂದ ಪಾರ್ಕಿಂಗ್ ಲಾಟಿನ ದೀಪ ಮುಖಕ್ಕೇ ಹೊಡೆಯುತ್ತಿದ್ದರೆ ಪ್ಯಾಂಟ್ ಹ್ಯಾಂಗರಿನ ಕ್ಲಿಪ್ ಹಾಕಿ ಅದನ್ನು ಮುಚ್ಚುವುದು, ಬಾಗಿಲ ಕೆಳಗಿನ ಬೆಳಕಿಗೆ ಟವೆಲ್ ಒತ್ತುವುದು, ಹಿಂದಿನವರು ಇಟ್ಟುಹೋದ ಅಲಾರಂ ಇನ್ನೂ ಇದೆಯೇ ಎಂದು ಹಾಸಿಗೆ ಪಕ್ಕದ ಗಡಿಯಾರ ನೋಡುವುದು, ಯೂನಿಫಾರಂ ಬೆಳಗ್ಗೆ ಕತ್ತಲಲ್ಲೂ ಕೈಗೆ ಸಿಗುವಂತೆ ತೂಗುಹಾಕುವುದು. ಅಷ್ಟರಲ್ಲಿ 12:15. ವಿಮಾನ ಇಳಿಸಿದ ಬಿಸಿ ಇನ್ನೂ ಮೈಯಲ್ಲಿರುತ್ತದೆ, ಕಣ್ಣು ಹತ್ತಲು 12:40. ಅಲಾರಂ 4:10ಕ್ಕೆ. ಕೈಗೆ ಬಂದದ್ದು ಮೂರೂವರೆ ಗಂಟೆ, ಅದೂ ಮಧ್ಯೆ ಎಚ್ಚರವಾಗದಿದ್ದರೆ. ಬೇಗ ಏಳಬೇಕೆಂಬ ಆತಂಕದಲ್ಲಿ ಮಲಗಿದವರು ಎರಡು ಸಲ ಎದ್ದು ಗಡಿಯಾರ ನೋಡುವುದು ಇದ್ದದ್ದೇ.

ಏಳುವ ಹೊತ್ತೂ ಕೆಟ್ಟದ್ದು. ದೇಹದ ಉಷ್ಣತೆಯೂ ಚುರುಕೂ ತಳ ಮುಟ್ಟಿರುವಾಗ ಗಾಢ ನಿದ್ದೆಯಿಂದ ಎಬ್ಬಿಸಿದರೆ ಮೆದುಳು ತಕ್ಷಣ ಎದ್ದೇಳುವುದಿಲ್ಲ. ಈ ನಿದ್ದೆಗಣ್ಣಿನ ಮಂಪರು ಸಾಮಾನ್ಯವಾಗಿ 15ರಿಂದ 30 ನಿಮಿಷ, ನಿದ್ದೆ ಬಾಕಿ ಇದ್ದರೆ ಇನ್ನೂ ಹೆಚ್ಚು ಕಾಡುತ್ತದೆ. ಆ ಸ್ಥಿತಿಯಲ್ಲಿ ನಡೆಯಬಹುದು, ಮಾತಾಡಬಹುದು, ಆದರೆ ಲೆಕ್ಕ ಮತ್ತು ನಿರ್ಧಾರ ಎಡವುತ್ತವೆ.

ಇನ್ನೊಂದು ಕಡೆಯಿಂದಲೂ ನೋಡಿ. ಮೊದಲ ರಾತ್ರಿಯ ಪೈಲಟ್ ಎಲ್ಲರಂತೆ ಬೆಳಗ್ಗೆ ಏಳಕ್ಕೆ ಎದ್ದಿದ್ದರೆ ಮಧ್ಯರಾತ್ರಿಗೆ 17 ಗಂಟೆ ಎಚ್ಚರ. ಅಷ್ಟು ಹೊತ್ತು ಎಚ್ಚರವಿದ್ದವರ ಕೈಚಳಕ ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತ್ತು.

ಮನೆಗೆ ಬಂದು ಹಗಲು ಮಲಗಿದ್ರೆ ಸರಿಹೋಗಲ್ವಾ?

ಸ್ವಲ್ಪ ಮಟ್ಟಿಗೆ. 6:55ಕ್ಕೆ ಬಿಡುಗಡೆಯಾದವರನ್ನು ಸಂಜೆ 4:55ರವರೆಗೆ ಮತ್ತೆ ಕರೆಯುವಂತಿಲ್ಲ, 10 ಗಂಟೆ ವಿಶ್ರಾಂತಿ ಕಡ್ಡಾಯ, ಅದರಲ್ಲಿ 8 ಗಂಟೆ ಅಡಚಣೆಯಿಲ್ಲದೆ ಮಲಗುವ ಅವಕಾಶ ಇರಬೇಕು. ಕಾಗದದ ಮೇಲೆ ಧಾರಾಳ. ಆದರೆ ಬಿಸಿಲೇರುತ್ತಿದ್ದಂತೆ ದೇಹದ ಗಡಿಯಾರ ಎಚ್ಚರದ ಕಡೆಗೆ ಎಳೆಯುತ್ತದೆ. ಎಷ್ಟೇ ದಣಿದಿದ್ದರೂ ಹಗಲಿನ ನಿದ್ದೆ ರಾತ್ರಿಯದಕ್ಕಿಂತ ಮೊಟಕು, ತೆಳು. ಬಾಗಿಲು ಬಡಿಯುವ ಕೊರಿಯರ್, ಪಕ್ಕದ ಮನೆಯ ಹುಲ್ಲು ಕತ್ತರಿಸುವ ಯಂತ್ರ, ಮಧ್ಯಾಹ್ನ ಎರಡೂವರೆಗೆ ಶಾಲೆ ಬಿಡುವ ಮಗು, ಇವರ್ಯಾರಿಗೂ ಪಾರ್ಟ್ 117 ಗೊತ್ತಿಲ್ಲ.

ದೇಹ ರಾತ್ರಿ ಪಾಳಿಗೆ ಒಗ್ಗಿಕೊಳ್ಳಬೇಕಾದರೆ ವಾರಗಟ್ಟಲೆ ಅದನ್ನೇ ಮಾಡಬೇಕು, ರಜೆಯಲ್ಲೂ ಅದನ್ನೇ ಪಾಲಿಸಬೇಕು. ಮನೆಯವರ ಜೊತೆ ಬಾಳುವ ಯಾರೂ ಹಾಗೆ ಮಾಡುವುದಿಲ್ಲ. ನಾಲ್ಕು ರಾತ್ರಿ, ಆಮೇಲೆ ಮೂರು ದಿನ ಎಲ್ಲರಂತೆ, ಮತ್ತೆ ನಾಲ್ಕು ರಾತ್ರಿ. ಪ್ರತಿ ಸಲವೂ ಸೊನ್ನೆಯಿಂದ ಶುರು.

ಒಂದು ಸ್ಟ್ರಾಂಗ್ ಕಾಫಿ ಕುಡಿದ್ರೆ ಸಾಲದಾ?

ಕಾಫಿ ಮೈಗೆ ಹತ್ತಲು 20-30 ನಿಮಿಷ ಬೇಕು, ಅದರ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ. ಬೆಳಗಿನ ನಾಲ್ಕೂವರೆಗೆ ಕುಡಿದದ್ದು ಟೇಕಾಫ್‌ಗೆ ಒದಗುತ್ತದೆ. ಒಂಬತ್ತಕ್ಕೆ ಮನೆಯಲ್ಲಿ ಮಲಗಲು ಹೋದಾಗ ಅರ್ಧ ಇನ್ನೂ ಮೈಯಲ್ಲೇ ಇರುತ್ತದೆ.

ಕಾಕ್‌ಪಿಟ್‌ನಲ್ಲಿ ಇಬ್ಬರಿರ್ತಾರಲ್ಲ, ಒಬ್ಬರು ತೂಕಡಿಸಿದ್ರೆ ಇನ್ನೊಬ್ಬರು ನೋಡ್ಕೊಳ್ಳಲ್ವಾ?

ಈ ವಿಷಯದಲ್ಲಿ ನನಗೆ ಅತಿ ಮುಖ್ಯವೆನಿಸುವ ಪ್ರಶ್ನೆ ಇದು. ಇಬ್ಬರು ಪೈಲಟ್ ಇರುವ ಪದ್ಧತಿ ನಿಂತಿರುವುದು ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಾರೆ ಎಂಬ ನಂಬಿಕೆಯ ಮೇಲೆ. ಅದಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಒಂದೇ ಥರ ಸೋಲಬಾರದು. ಸ್ಪ್ಲಿಟ್ ಡ್ಯೂಟಿಯಲ್ಲಿ ಇಬ್ಬರೂ ಒಂದೇ ವ್ಯಾನಿನಲ್ಲಿ ಹೋಗಿ, ಅಷ್ಟೇ ಹೊತ್ತು ಮಲಗಿ, ಒಂದೇ ಗಂಟೆಗೆ ಎದ್ದು ಬಂದಿರುತ್ತಾರೆ. ಇಬ್ಬರ ಚುರುಕೂ ಒಟ್ಟಿಗೇ ತಗ್ಗಿರುತ್ತದೆ. ಎತ್ತರದ ಸಂಖ್ಯೆಯನ್ನು ಒಬ್ಬರು ತಪ್ಪಾಗಿ ಕೇಳಿಸಿಕೊಂಡರೆ ಇನ್ನೊಬ್ಬರೂ ಹೂಂಗುಟ್ಟುವ ಸಂಭವ ಹೆಚ್ಚು.

2008ರ ಫೆಬ್ರವರಿ 13ರಂದು ಹವಾಯಿಯಲ್ಲಿ ಹೊನೊಲುಲುವಿನಿಂದ ಹಿಲೋಗೆ ಹೋಗುತ್ತಿದ್ದ ಗೋ! ಸಂಸ್ಥೆಯ 1002ನೇ ವಿಮಾನದಲ್ಲಿ ಇಬ್ಬರಿಗೂ ನಿದ್ದೆ ಹತ್ತಿತು. ಕಾಲು ಗಂಟೆಗೂ ಹೆಚ್ಚು ಹೊತ್ತು ರೇಡಿಯೋದಲ್ಲಿ ಉತ್ತರವಿಲ್ಲ, ವಿಮಾನ ಇಳಿಯಬೇಕಾದ ಊರನ್ನು ದಾಟಿ ಸಮುದ್ರದ ಮೇಲೆ ಹೋಯಿತು. ಅದೃಷ್ಟಕ್ಕೆ ಎಚ್ಚರವಾಗಿ ಹಿಂದಿರುಗಿ ಸುರಕ್ಷಿತವಾಗಿ ಇಳಿದರು. ಅದು ಬೆಳಗಿನ ಹೊತ್ತು, ಸತತ ನಸುಕಿನ ಪಾಳಿಗಳ ನಂತರದ ಹಾರಾಟ. ಕ್ಯಾಪ್ಟನ್‌ಗೆ ಪತ್ತೆಯಾಗದ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ) ಇತ್ತು ಅನ್ನುವುದೂ ತನಿಖೆಯಲ್ಲಿ ಗೊತ್ತಾಯಿತು.

ಸರದಿಯಂತೆ ಸೀಟಿನಲ್ಲೇ ಸಣ್ಣ ಜೊಂಪು ತೆಗೆಯಲು ಕೆಲವು ದೇಶಗಳು ಬಿಡುತ್ತವೆ. 40 ನಿಮಿಷದ ಅವಕಾಶದಲ್ಲಿ ಪೈಲಟ್‌ಗಳು ಸರಾಸರಿ 26 ನಿಮಿಷ ಮಲಗಿ ಚುರುಕಾದರೆಂದು ನಾಸಾ ಮಾಡಿದ ಅಧ್ಯಯನವೇ ಇದಕ್ಕೆ ಆಧಾರವಾಗಿ ಉದಾಹರಿಸಲ್ಪಡುವುದು. ವಿಚಿತ್ರವೆಂದರೆ ಅಮೆರಿಕದ ಎಫ್‌ಎಎ ಇಬ್ಬರೇ ಪೈಲಟ್ ಇರುವ ಕಾಕ್‌ಪಿಟ್‌ನಲ್ಲಿ ಇದಕ್ಕೆ ಒಪ್ಪಿಲ್ಲ.

## ಇನ್ನೂ ಆಳಕ್ಕೆ

‘ಇವತ್ತು ನನ್ನಿಂದಾಗಲ್ಲ’ ಅಂದ್ರೆ ಕೆಲಸ ಹೋಗುತ್ತಾ?

ನಿಯಮದ ಪ್ರಕಾರ ಹೋಗಬಾರದು. ಪ್ರತಿ ಹಾರಾಟಕ್ಕೂ ಮುಂಚೆ ‘ನಾನು ಕೆಲಸಕ್ಕೆ ಯೋಗ್ಯನಿದ್ದೇನೆ’ ಎಂದು ಪೈಲಟ್ ದೃಢಪಡಿಸಬೇಕು. ದಣಿದಿದ್ದೇನೆ ಎಂದು ಹೇಳಿದವರಿಗೆ ಸಂಸ್ಥೆ ಕೆಲಸ ಕೊಡುವಂತಿಲ್ಲ, ಅವರೂ ಒಪ್ಪುವಂತಿಲ್ಲ.

ಹೇಳುವುದು ಅಷ್ಟು ಸುಲಭವಲ್ಲ. ಬೆಳಗಿನ ನಾಲ್ಕೂಕಾಲಿಗೆ, 70 ಮಂದಿ ಟಿಕೆಟ್ ಹಿಡಿದು ಬರುತ್ತಿರುವಾಗ, ಬದಲಿ ಪೈಲಟ್ ಇಲ್ಲದ ಊರಿನಿಂದ ಫೋನ್ ಮಾಡಬೇಕು. ಆಮೇಲೆ ವರದಿ ಬರೆಯಬೇಕು, ಸಮಿತಿ ಅದನ್ನು ನೋಡುತ್ತದೆ. ಆ ರಾತ್ರಿಯ ಸಂಬಳ ಉಳಿಯುತ್ತದೋ, ಅನಾರೋಗ್ಯದ ರಜೆಯಿಂದ ಕಡಿಯುತ್ತದೋ, ಪೂರ್ತಿ ಹೋಗುತ್ತದೋ ಎನ್ನುವುದು ಒಪ್ಪಂದಕ್ಕೆ ಬಿಟ್ಟದ್ದು. ಅದಕ್ಕಿಂತ ದೊಡ್ಡ ತೊಡಕೆಂದರೆ, ದಣಿದ ಮೆದುಳಿಗೆ ತಾನೆಷ್ಟು ದಣಿದಿದೆ ಎಂದು ಅಳೆಯಲು ಬರುವುದಿಲ್ಲ.

2007ರ ಫೆಬ್ರವರಿ 18ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಹಿಮದ ನಡುವೆ ಇಳಿದ ಶಟಲ್ ಅಮೆರಿಕ 6448 ರನ್‌ವೇ ದಾಟಿ ಹೋಯಿತು. ಯಾರೂ ಸಾಯಲಿಲ್ಲ. ಕ್ಯಾಪ್ಟನ್ ನಿದ್ದೆಗೆಟ್ಟು ಬಂದಿದ್ದರು, ಹಾಜರಾತಿಯ ಬಗ್ಗೆ ಹಿಂದೆ ಎಚ್ಚರಿಕೆ ಪಡೆದಿದ್ದರಿಂದ ದಣಿದಿದ್ದೇನೆ ಎನ್ನಲು ಹಿಂಜರಿದಿದ್ದರು. ಶಿಕ್ಷೆಯ ಭಯವಿಲ್ಲದೆ ದಣಿವನ್ನು ಹೇಳಿಕೊಳ್ಳುವ ವ್ಯವಸ್ಥೆ ಇರಲಿಲ್ಲವೆಂಬುದನ್ನು ಎನ್‌ಟಿಎಸ್‌ಬಿ ಅಪಘಾತದ ಕಾರಣಗಳಲ್ಲೇ ಸೇರಿಸಿತು. ಈಗಿನ ನಿಯಮ ಅಂದಿಗಿಂತ ಎಷ್ಟೋ ಮೇಲು. ಆದರೆ ನಿಮ್ಮ ಸಂಸ್ಥೆಯಲ್ಲಿ ಕಳೆದ ವರ್ಷ ಫೋನ್ ಮಾಡಿದವರಿಗೆ ಏನಾಯಿತು ಎಂದು ವಿಚಾರಿಸಿ, ನಿಯಮಪುಸ್ತಕ ಹೇಳದ್ದು ಅಲ್ಲಿ ತಿಳಿಯುತ್ತದೆ.

ಸ್ಪ್ಲಿಟ್ ಡ್ಯೂಟಿ ಅಂತ ಹೆಸರಿಸದೇನೂ ಇದೇ ಪಾಳಿ ಹಾಕಬಹುದಾ?

ಹಾಕಬಹುದು. ಇದು ಪೈಲಟ್‌ಗಳಲ್ಲೇ ಅನೇಕರಿಗೆ ಗೊತ್ತಿಲ್ಲ. ಡ್ಯೂಟಿಯ ಮಿತಿ ಶುರುವಾಗುವ ಹೊತ್ತಿನ ಮೇಲೂ ಹಾರಾಟಗಳ ಸಂಖ್ಯೆಯ ಮೇಲೂ ನಿಂತಿದೆ. ಸಂಜೆ 5ರಿಂದ ರಾತ್ರಿ 9:59ರೊಳಗೆ ಶುರುವಾಗಿ ಒಂದೋ ಎರಡೋ ಹಾರಾಟವಿದ್ದರೆ 12 ಗಂಟೆ, ಮೂರೋ ನಾಲ್ಕೋ ಆದರೆ 11. ನಮ್ಮ ಉದಾಹರಣೆಯ 9:15ರ ಡ್ಯೂಟಿ ಹತ್ತು ಗಂಟೆಯೊಳಗೇ ಮುಗಿಯುತ್ತದೆ, ಅಂದರೆ ಹೋಟೆಲ್ ಹೊತ್ತನ್ನು ಕಳೆಯುವ ಅಗತ್ಯವೇ ಇಲ್ಲ.

ಕಳೆಯುವ ಅಗತ್ಯ ಬೀಳುವುದು ಬಿಗಿಯಾದ ಪಾಳಿಗಳಲ್ಲಿ. ಸಂಜೆ 7ಕ್ಕೆ ಶುರು, ನಾಲ್ಕು ಹಾರಾಟ, ಬೆಳಗ್ಗೆ 7:30ಕ್ಕೆ ಮುಕ್ತಾಯ ಅನ್ನಿ. ಒಟ್ಟು 12:30, ಮಿತಿ 11, ನಿಯಮಬಾಹಿರ. ನಡುವೆ 4 ಗಂಟೆ ಹೋಟೆಲ್ ಬರೆದರೆ ಡ್ಯೂಟಿ 8:30ಕ್ಕೆ ಇಳಿಯುತ್ತದೆ, ಒಟ್ಟು 14ರೊಳಗೇ ಇದೆ, ನಿಯಮಬದ್ಧ. ನಿಮ್ಮ ಪಾಳಿ ಇವೆರಡರಲ್ಲಿ ಯಾವುದು ಎಂದು ತಿಳಿದಿರಬೇಕು, ಏಕೆಂದರೆ ರಾತ್ರಿ ತಡವಾದಾಗ ನಿಮಗೆ ಬರೆದಷ್ಟು ನಿದ್ದೆ ಸಿಗಲೇಬೇಕೇ ಎಂಬುದು ಅದರ ಮೇಲೆ ಹೋಗುತ್ತದೆ.

ಸರಕು ವಿಮಾನದವರು, ಗಗನಸಖಿಯರು ಕೂಡ ಇದೇ ನಿಯಮದಲ್ಲಿದ್ದಾರಾ?

ಇಲ್ಲ. ಸರಕು ವಿಮಾನಗಳನ್ನು ಪಾರ್ಟ್ 117ರಿಂದ ಹೊರಗಿಟ್ಟಿದ್ದಾರೆ, ಸಂಸ್ಥೆ ತಾನಾಗಿ ಬೇಕಾದರೆ ಸೇರಬಹುದು. ರಾತ್ರಿಯೇ ಹೆಚ್ಚು ದುಡಿಯುವವರನ್ನು ರಾತ್ರಿ ದಣಿವಿನ ನಿಯಮದಿಂದ ಬಿಟ್ಟದ್ದು ಖರ್ಚಿನ ಕಾರಣಕ್ಕೆ, ಇದು ಮುಚ್ಚುಮರೆಯ ವಿಷಯವೇನಲ್ಲ. 2013ರ ಆಗಸ್ಟ್ 14ರ ನಸುಕಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಳಿಯುವಾಗ ಬಿದ್ದ ಸರಕು ವಿಮಾನ ಯುಪಿಎಸ್ 1354ರ ಇಬ್ಬರೂ ಪೈಲಟ್‌ಗಳು ಸತ್ತರು. ಕೆಲವೇ ತಿಂಗಳಲ್ಲಿ ಬರಲಿದ್ದ ನಿಯಮ ತಮಗೆ ಅನ್ವಯಿಸದು ಎಂಬ ಮಾತು ಅವರಿಬ್ಬರ ನಡುವೆ ನಡೆದದ್ದು ಧ್ವನಿಮುದ್ರಣದಲ್ಲಿತ್ತು. ಆ ಅಪಘಾತದಲ್ಲಿ ದಣಿವೂ ಒಂದು ಕಾರಣವೆಂದು ಎನ್‌ಟಿಎಸ್‌ಬಿ ದಾಖಲಿಸಿತು.

ಗಗನಸಖಿಯರದು ಪ್ರತ್ಯೇಕ ನಿಯಮ. ಎರಡು ಡ್ಯೂಟಿಗಳ ನಡುವೆ ಅವರಿಗೂ 10 ಗಂಟೆ ವಿಶ್ರಾಂತಿ ಎಂಬ ಅಂತಿಮ ನಿಯಮ ಹೊರಬಿದ್ದದ್ದೇ 2022ರ ಅಕ್ಟೋಬರಿನಲ್ಲಿ. ಅದೇ ವ್ಯಾನಿನಲ್ಲಿ ಅದೇ ಹೋಟೆಲಿಗೆ ಹೋದರೂ ಪೈಲಟ್‌ನ ಸ್ಪ್ಲಿಟ್ ಡ್ಯೂಟಿ ಷರತ್ತುಗಳು ಅವರನ್ನು ಕಾಯುವುದಿಲ್ಲ.

ಯುರೋಪಲ್ಲಿ ಹೇಗೆ?

ಅಲ್ಲಿ ಬಿಡುವನ್ನು ಡ್ಯೂಟಿಯಿಂದ ಪೂರ್ತಿ ಕಳೆಯುವುದಿಲ್ಲ. ನೆಲದ ಮೇಲೆ ಕನಿಷ್ಠ 3 ಗಂಟೆ ಬಿಡುವು ಕೊಟ್ಟರೆ ಅದರ ಅರ್ಧದಷ್ಟು ಡ್ಯೂಟಿಯನ್ನು ಹಿಗ್ಗಿಸಬಹುದು. 4 ಗಂಟೆಗೆ 2. ಬಿಡುವು 6 ಗಂಟೆ ಮುಟ್ಟಿದರೆ, ಅಥವಾ ದೇಹ ತೀರಾ ಕುಗ್ಗಿರುವ ಆ ನಸುಕಿನ ಅವಧಿಗೆ ತಾಗಿದರೆ, ಮಲಗುವ ಸರಿಯಾದ ಕೋಣೆ ಕೊಡಲೇಬೇಕು. ನಿದ್ದೆಯ ಅವಕಾಶವನ್ನು ನಿದ್ದೆಗೆ ಸಮ ಎಂದು ಎಣಿಸದಿರುವುದರಿಂದ ನನಗೆ ಈ ಲೆಕ್ಕವೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ.

ಮುಂದಿನ ತಿಂಗಳು ನನಗೆ ಮೊದಲ ಸಲ ಬಿದ್ದಿದೆ. ಏನು ಮಾಡಲಿ?

ಮೊದಲ ರಾತ್ರಿಗೆ ಮುಂಚಿನ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಒಂದೂವರೆ ಗಂಟೆ ಮಲಗಿ. ಸಂಜೆ ಆರೇಳಕ್ಕೆ ಮಲಗುತ್ತೇನೆಂದರೆ ಆಗ ದೇಹ ಒಪ್ಪುವುದಿಲ್ಲ, ಸುಮ್ಮನೆ ಸೂರು ನೋಡುತ್ತಾ ಬಿದ್ದಿರುತ್ತೀರಿ. ಇಳಿದ ಮೇಲೆ ಫೋನ್ ನೋಡಬೇಡಿ, ನೇರ ಹಾಸಿಗೆ. ಕೋಣೆ ಲಿಫ್ಟಿನ ಪಕ್ಕ ಕೊಟ್ಟರೆ ಬದಲಿಸಿಕೊಡಿ ಎನ್ನಲು ಸಂಕೋಚ ಬೇಡ. ಎರಡು ಅಲಾರಂ ಇಡಿ. ಇಲ್ಲವಾದರೆ ಏಳುತ್ತೇನೋ ಇಲ್ಲವೋ ಎಂಬ ಯೋಚನೆಯೇ ನಿದ್ದೆ ತಿನ್ನುತ್ತದೆ. ಎದ್ದ ಮೊದಲ ಅರ್ಧ ಗಂಟೆಯಲ್ಲಿ ಇಂಧನದ ಲೆಕ್ಕವನ್ನೂ ಹವಾಮಾನವನ್ನೂ ತೀರ್ಮಾನಿಸಬೇಡಿ, ವ್ಯಾನಿನಿಂದ ಇಳಿದ ಮೇಲೆ ನೋಡಿ. ಜೊತೆಯವರಿಗೆ ಬಾಯಿಬಿಟ್ಟು ಹೇಳಿ, ‘ನಾನು ಸ್ವಲ್ಪ ಮಂದವಾಗಿದ್ದೇನೆ, ನನ್ನ ಮೇಲೆ ಕಣ್ಣಿಡಿ’ ಎಂದು. ಅವರೂ ಅದನ್ನೇ ಹೇಳುತ್ತಾರೆ, ಆಗ ಇಬ್ಬರೂ ನಿಧಾನವಾಗಿ ಮಾಡುತ್ತೀರಿ.

ಡ್ಯೂಟಿ ಮುಗಿದ ಮೇಲೆ ಕಾರು ಓಡಿಸಿಕೊಂಡು ಮನೆಗೆ ಹೋಗುವ ಹೊತ್ತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜವಾಬ್ದಾರಿ ಇಳಿದಿರುತ್ತದೆ, ಪಕ್ಕದಲ್ಲಿ ಎರಡನೆಯ ಪೈಲಟ್ ಇರುವುದಿಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತಿರುತ್ತದೆ. ರೆಪ್ಪೆ ಭಾರವಾದರೆ ಪಾರ್ಕಿಂಗ್‌ನಲ್ಲೇ ಸೀಟು ಒರಗಿಸಿ ಇಪ್ಪತ್ತು ನಿಮಿಷ ಮಲಗಿ ಹೊರಡಿ. ಹೊರಡುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ, ಮನೆ ತಲುಪಿದ ಮೇಲೆ ನಿದ್ದೆ ಬರಲು ಅನುಕೂಲ. ಮೊದಲ ತಿಂಗಳು ನಿಜವಾಗಿ ಎಷ್ಟು ಗಂಟೆ ಮಲಗಿದಿರಿ ಎಂದು ಬರೆದಿಡಿ. ಮುಂದಿನ ಬಿಡ್ ಹಾಕುವಾಗ, ಅಥವಾ ದಣಿವಿನ ವರದಿ ಬರೆಯಬೇಕಾಗಿ ಬಂದಾಗ, ಆ ಪುಟ ಉಪಯೋಗಕ್ಕೆ ಬರುತ್ತದೆ.